ಮಸೂರವಿಲ್ಲದ ಸೂಕ್ಷ್ಮದರ್ಶಕ

ಕಣ್ಣಿಗೆ ಕಾಣದ್ದನ್ನು ಕಾಣಿಸುವುದಕ್ಕೆ ಗಾಜಿನ ಮಸೂರವೇ ಬೇಕೆಂಬ ನಂಬಿಕೆಯನ್ನು ವಿಜ್ಞಾನವು ಸಡಿಲಿಸಿದೆ. 1948ರಲ್ಲಿ ಡೆನಿಸ್ ಗೇಬರರು ತೋರಿಸಿಕೊಟ್ಟ ತತ್ವವೇ ಇದಕ್ಕೆ ಮೂಲ. ರಕ್ತಕಣದ ಮೇಲೆ ಬಿದ್ದ ಬೆಳಕಿನ ಒಂದು ಭಾಗವು ಚದುರುತ್ತದೆ; ಚದುರಿದ ಅಲೆಯು ಚದುರದ ಅಲೆಯೊಡನೆ ಕೂಡಿ ಉಂಗುರಗಳ ಚಿತ್ರವನ್ನು ಮೂಡಿಸುತ್ತದೆ. ಮೊಬೈಲ್ ಕ್ಯಾಮರಾದಲ್ಲಿರುವಂಥ ಸಂವೇದಕವು ಅದನ್ನು ಗ್ರಹಿಸಿದರೆ, ಗಣಕಯಂತ್ರವು ಲೆಕ್ಕ ಹಾಕಿ ಕಣದ ರೂಪವನ್ನು ಮರಳಿ ಕೊಡುತ್ತದೆ. ಬೆಳಕಿನ ಚದುರುವಿಕೆಯನ್ನೇ ಜೀವನದ ಸಾಧನೆಯಾಗಿ ಮಾಡಿಕೊಂಡ ಸರ್ ಸಿ. ವಿ. ರಾಮನ್ನರು 1933ರಿಂದ 1970ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನಲ್ಲಿದ್ದವರು. ಅಂಥ ನಾಡಿಗೆ ಈ ವಿದ್ಯೆಯು ಪರಕೀಯವೆನಿಸಬಾರದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗರಿಗೆ ಇದರಿಂದೇನು ಪ್ರಯೋಜನವೆಂದು ವಾಚಕರು ಕೇಳಬಹುದು. ಬೆಲೆಯುಳ್ಳ ಮಸೂರಗಳು ಬೇಡವಾದುದರಿಂದ ಉಪಕರಣವು ಅಗ್ಗವೂ ಹಗುರವೂ ಆಗಬಲ್ಲದು. ಒಂದೇ ನೋಟದಲ್ಲಿ ಹೆಚ್ಚು ವಿಸ್ತಾರವನ್ನು ಹಿಡಿಯಬಲ್ಲದು. ರೋಗಿಯು ಪಟ್ಟಣಕ್ಕೆ ಅಲೆಯುವ ಬದಲು ಉಪಕರಣವೇ ಹಳ್ಳಿಗೆ ಹೋಗಬಹುದು.

ಆದರೆ ಹೊಸತೆಂಬ ಮಾತ್ರಕ್ಕೆ ಮರುಳಾಗತಕ್ಕದ್ದಲ್ಲ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದೊಂದು ಪಾಲು. 7-8 ಮೈಕ್ರಾನ್ ಅಗಲದ ಕೆಂಪು ರಕ್ತಕಣವನ್ನು ಎಣಿಸುವುದು ಬೇರೆ. ಅರ್ಧ ಮೈಕ್ರಾನಿನಷ್ಟೇ ದಪ್ಪದ ಕ್ಷಯದ ಸೂಕ್ಷ್ಮಾಣುವನ್ನು ಗುರುತಿಸುವುದು ಬೇರೆ. ತಪ್ಪು ಲೆಕ್ಕದಿಂದ ರೋಗಿಯನ್ನು ನಿರೋಗಿಯೆಂದು ಮನೆಗೆ ಕಳಿಸಿದರೆ ಅಗ್ಗದ ಉಪಕರಣವು ಬಲು ದುಬಾರಿಯಾದೀತು.

ಆದುದರಿಂದ ಸರಕಾರವು ಈ ನಾಲ್ಕೂ ಊರುಗಳ ಆಸ್ಪತ್ರೆಗಳಲ್ಲಿ ಹಳೆಯ ಸೂಕ್ಷ್ಮದರ್ಶಕದ ಪಕ್ಕದಲ್ಲಿಯೇ ಹೊಸದನ್ನಿಟ್ಟು, ಒಂದೇ ಮಾದರಿಯನ್ನು ಎರಡರಲ್ಲಿಯೂ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸತಕ್ಕದ್ದೆಂದು ನಾವು ಆಗ್ರಹಪಡಿಸುತ್ತೇವೆ. ಮಸೂರದ ಕೆಲಸವು ಈಗ ಗಣಿತದ ಪಾಲಿಗೆ ಬಂದಿದೆ. ಗಣಿತವು ನಮ್ಮ ಮಕ್ಕಳ ಕೈಗೆಟುಕದ ವಿದ್ಯೆಯಲ್ಲ.