ಎರಡು ತಲೆ ಯಾರಿಗೆ?

ಎರಡು ತಲೆ ಹಾವು ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಮನೆಯಲ್ಲಿಟ್ಟರೆ ಐಶ್ವರ್ಯ, ಹೊಲದಲ್ಲಿ ಬಿಟ್ಟರೆ ನಿಧಿ, ತೂಕ ಹೆಚ್ಚಿದಷ್ಟೂ ಲಕ್ಷ ಲಕ್ಷ ಎಂದು ದಲ್ಲಾಳಿಗಳು ಪುಂಗಿ ಊದುತ್ತಾರೆ. ಓದಿದವರೂ ತಲೆದೂಗುತ್ತಾರೆ!

ಸ್ವಾಮಿ, ಆ ಬಡಪಾಯಿ ಮಣ್ಣುಮುಕ್ಕ ಹಾವಿಗೆ ಇರೋದು ಒಂದೇ ತಲೆ. ಇನ್ನೊಂದು ಮೊಂಡು ಬಾಲ. ಹೆದರಿದಾಗ ತಲೆಯನ್ನು ಸುರುಳಿಯೊಳಗೆ ಅಡಗಿಸಿ ಬಾಲವನ್ನೇ ಮುಂದೊಡ್ಡುತ್ತೆ, ಏಟು ಬಿದ್ದರೆ ಅದಕ್ಕೇ ಬೀಳಲಿ ಅಂತ. ಆರು ತಿಂಗಳು ಈ ಕಡೆ, ಆರು ತಿಂಗಳು ಆ ಕಡೆ ಹರಿಯುತ್ತೆ ಅನ್ನೋದು ಬರೀ ಕಟ್ಟುಕಥೆ. ವಿಷವಿಲ್ಲ. ಹೊಲದ ಇಲಿ ತಿಂದು ರೈತನಿಗೆ ನೆರವಾಗುವ ಜೀವ.

ನಿಜವಾಗಿ ಎರಡು ತಲೆಯ ಹಾವು ಅಪರೂಪಕ್ಕೆ ಹುಟ್ಟೋದೂ ಉಂಟು. ಒಂದು ಭ್ರೂಣ ಅವಳಿಯಾಗಲು ಹೋಗಿ ಅರ್ಧಕ್ಕೇ ನಿಂತರೆ ಹಾಗಾಗುತ್ತೆ. ಒಂದು ತಲೆ ಏರಿಗೆ, ಇನ್ನೊಂದು ನೀರಿಗೆ ಎಳೆದು, ಕಾಡಲ್ಲಿ ಬಾಳೋದೇ ಕಷ್ಟ. ತನ್ನನ್ನೇ ಕಾಯ್ದುಕೊಳ್ಳಲಾರದ್ದು ನಿಮಗೇನು ಐಶ್ವರ್ಯ ತಂದೀತು?

1972ರ ವನ್ಯಜೀವಿ ಕಾಯ್ದೆಯಡಿ ಈ ವ್ಯಾಪಾರ ಅಪರಾಧ. ಹಿಡಿದು ತಂದವನ ಕೈಗೆ ಕೋಳ ಹಾಕಿದರೆ ಸಾಲದು. ದುಡ್ಡಿನ ಗಂಟು ಹಿಡಿದು ಕಾದ ದೊಡ್ಡ ಮನುಷ್ಯನ ಬೆನ್ನೂ ಹತ್ತಬೇಕು. ಕೊಳ್ಳೋರಿಲ್ಲದಿದ್ದರೆ ಈ ಸಂತೆ ನೆರೆಯೋದೇ ಇಲ್ಲ.