ಚಕ್ರದಲ್ಲಿ ಸಿಗದ ಕಂದು

ಸಣ್ಣ ಗೊಂಬೆಗಳಿಗೆ ಬಣ್ಣ ಹಚ್ಚಲು ಕಲಿಯುವವರ ಕೈಗೆ ಮೊದಲ ದಿನವೇ ಬಣ್ಣದ ಚಕ್ರ ಕೊಡಬಾರದು. ಇದು ನನ್ನ ವಾದ. ಚಕ್ರದ ಬಗ್ಗೆ ನನಗೆ ಸಿಟ್ಟಿಲ್ಲ, ಅದರ ಉಪಯೋಗವನ್ನೂ ಈ ಬರಹದಲ್ಲೇ ಹೇಳುತ್ತೇನೆ. ಆದರೆ ಅದು ಉತ್ತರಿಸುವುದು ಎರಡನೆಯ ಪ್ರಶ್ನೆಗೆ. ಮೊದಲ ಪ್ರಶ್ನೆ ಯಾವುದೆಂದರೆ, ಈ ಗೊಂಬೆಯಲ್ಲಿ ಎಲ್ಲಿ ತಿಳಿ, ಎಲ್ಲಿ ಕಡು? ಅದನ್ನು ಕೇಳಲು ಬೇಕಾದ ಮಾತುಗಳೆಲ್ಲ ಕನ್ನಡದಲ್ಲಿ ಆಗಲೇ ಇವೆ. ನಾವು ಅವನ್ನು ಬದಿಗಿಟ್ಟು, ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಅರ್ಥವಾಗದ ಸಂಸ್ಕೃತಕ್ಕೆ ತಿರುಗಿಸಿ ಮಕ್ಕಳ ಮುಂದಿಡುತ್ತಿದ್ದೇವೆ.

ನಾನಿರುವ ಪುಣೆಯಲ್ಲಿ ಇದು ಹವ್ಯಾಸಿಗಳ ಚರ್ಚೆ ಮಾತ್ರವಲ್ಲ. ದೀಪಾವಳಿ ಹತ್ತಿರ ಬಂದರೆ ಇಲ್ಲಿನ ವಾಡೆಗಳಲ್ಲಿ, ಹೌಸಿಂಗ್ ಸೊಸೈಟಿಗಳ ಅಂಗಳದಲ್ಲಿ ಮಕ್ಕಳು ಕೋಟೆ ಕಟ್ಟುತ್ತಾರೆ. ಮರಾಠಿಯಲ್ಲಿ ಅದು ಕಿಲ್ಲಾ. ಇಟ್ಟಿಗೆ, ಕಲ್ಲು ಪೇರಿಸಿ, ಗೋಣಿತಟ್ಟು ಹೊದಿಸಿ, ಮೇಲೆ ಕೆಸರು ಮೆತ್ತಿ, ಅಳವಿ ಬೀಜವನ್ನೋ ಸಾಸಿವೆಯನ್ನೋ ಚೆಲ್ಲಿದರೆ ಕೆಲವೇ ದಿನಗಳಲ್ಲಿ ಗುಡ್ಡ ಹಸಿರಾಗುತ್ತದೆ. ಬೆಳಗಾವಿಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ, ಅಲ್ಲಿಯೂ ಇದೇ ಸಂಭ್ರಮ. ಕೋಟೆಯ ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ, ಬುರುಜುಗಳಲ್ಲಿ ಮಾವಳೆ ಸೈನಿಕರು, ತೋಪು. ಕೆಳಗಿನ ಹಳ್ಳಿಯಲ್ಲಿ ಗೌಳಿಗಿತ್ತಿ, ರೈತ, ಹಸು, ವಾಸುದೇವ. ಕಸಬಾ ಪೇಠೆಯ ಕುಂಬಾರವಾಡೆಯ ಸುತ್ತ ಆ ದಿನಗಳಲ್ಲಿ ಇಂಥ ಗೊಂಬೆಗಳ ಸಾಲುಸಾಲು ಬುಟ್ಟಿಗಳಿರುತ್ತವೆ. ಹೆಚ್ಚಿನವು ಬಣ್ಣ ಹಚ್ಚಿಯೇ ಬರುತ್ತವೆ. ತಾವೇ ಹಚ್ಚುತ್ತೇವೆಂದು ಹಟ ಹಿಡಿಯುವ ಮಕ್ಕಳೂ ಇದ್ದಾರೆ.

ಅಂಥ ಒಬ್ಬಳು ನಮ್ಮ ಪಕ್ಕದ ಮನೆಯ ಹುಡುಗಿ. ಡ್ರಾಯಿಂಗ್ ಕ್ಲಾಸಿನಲ್ಲಿ ಹನ್ನೆರಡು ಮನೆಗಳ ಚಕ್ರ ಬರೆದಿದ್ದಳು. ಚಕ್ರದಲ್ಲಿ ಎದುರುಬದುರು ಕೂತ ಬಣ್ಣಗಳು ಒಂದನ್ನೊಂದು ಎತ್ತಿ ತೋರಿಸುತ್ತವೆ ಎಂದು ಅಲ್ಲಿ ಕಲಿತಿದ್ದಳು. ಅದರಂತೆ ಮಾವಳೆಯ ಅಂಗಿಗೆ ಎಲೆಹಸಿರು, ನಡುಪಟ್ಟಿಗೆ ಕುಂಕುಮಗೆಂಪು ಹಚ್ಚಿದ್ದಳು. ಕೈಯಲ್ಲಿ ಹಿಡಿದಾಗ ಚೆಂದವಿದ್ದ ಗೊಂಬೆ ಕೋಟೆಯ ಮೇಲೆ ನಿಂತಾಗ ಬರೀ ಒಂದು ಮಬ್ಬು ಮುದ್ದೆ. "ಕಾಕೂ, ಪುಸ್ತಕದಲ್ಲಿ ಹೇಳಿದ ಹಾಗೇ ಮಾಡಿದೀನಿ, ಆದರೂ ಪಟ್ಟಿ ಯಾಕೆ ಕಾಣ್ತಿಲ್ಲ?" ಎಂದು ಮರಾಠಿಯಲ್ಲಿ ಕೇಳಿದಳು. ಫೋನಿನಲ್ಲಿ ಒಂದು ಚಿತ್ರ ತೆಗೆದು ಕಪ್ಪು-ಬಿಳುಪಿಗೆ ಬದಲಿಸಿ ತೋರಿಸಿದೆ. ಅಂಗಿ, ಪಟ್ಟಿ ಎರಡೂ ಒಂದೇ ಬೂದು. ಪಟ್ಟಿ ಮಾಯ! ಅವಳಿಗೆ ಮತ್ತೆ ವಿವರಣೆ ಬೇಕಾಗಲಿಲ್ಲ. ಹಸಿರನ್ನು ಕಡುವಾಗಿಸಿದಳು, ಪಟ್ಟಿಯ ಅಂಚಿಗೆ ಅರಿಸಿನದ ಒಂದು ಎಳೆ ಎಳೆದಳು. ಮಾವಳೆಗೆ ನಡು ಬಂತು.

ಲೆಕ್ಕ ಹಾಕಿ ನೋಡಿದರೆ ಕಾರಣ ಸ್ಪಷ್ಟವಾಗುತ್ತದೆ. ಮಾವಳೆಯ ಎತ್ತರ 7 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 170 ಸೆಂಟಿಮೀಟರ್ ಎತ್ತರದ ಮನುಷ್ಯನ ಸುಮಾರು 24ನೇ ಒಂದು ಪಾಲು. ಅಂದರೆ ಒಂದು ಮೀಟರ್ ದೂರದಿಂದ ಅದನ್ನು ನೋಡುವುದೂ ನಿಜವಾದ ಮನುಷ್ಯನನ್ನು 24 ಮೀಟರ್ ದೂರದಿಂದ ನೋಡುವುದೂ ಕಣ್ಣಿಗೆ ಒಂದೇ ಅಳತೆ. ಬೋರ್ಡ್ ಗೇಮ್ ಆಡುವವರು ಬಣ್ಣ ಹಚ್ಚುವ 28 ಮಿಲಿಮೀಟರಿನ ಗೊಂಬೆಗಳನ್ನು 40 ಸೆಂಟಿಮೀಟರ್ ದೂರದಲ್ಲಿಟ್ಟು ನೋಡಿದರೂ ಲೆಕ್ಕ ಅಲ್ಲಿಗೇ ಬರುತ್ತದೆ. 24 ಮೀಟರ್ ಆಚೆ ನಿಂತವರ ಅಂಗಿಯ ಗುಂಡಿ ನಮಗೆ ಕಾಣುವುದಿಲ್ಲ. ಮುಖ ಬೆಳಕಿನಲ್ಲಿದೆಯೋ ನೆರಳಿನಲ್ಲಿದೆಯೋ, ಪೇಟ ತಿಳಿಯೋ ಕಡುವೋ ಎಂಬುದು ಕಾಣುತ್ತದೆ.

ಇದಕ್ಕೆ ಕಣ್ಣಿನ ಸ್ವಭಾವವೂ ಸೇರುತ್ತದೆ. ಸೂಕ್ಷ್ಮ ವಿವರಗಳನ್ನು ನಾವು ಹೆಚ್ಚಾಗಿ ಗುರುತಿಸುವುದು ಬೆಳಕು-ಕತ್ತಲೆಯ ವ್ಯತ್ಯಾಸದಿಂದ. ಬರೀ ಬಣ್ಣದ ವ್ಯತ್ಯಾಸವಾದರೆ ಕಣ್ಣು ಅಷ್ಟು ಚುರುಕಲ್ಲ. ನಿಮ್ಮ ಫೋನಿಗೂ ಈ ಗುಟ್ಟು ಗೊತ್ತು. ಜೆಪೆಗ್ ಚಿತ್ರಗಳು ಸಾಮಾನ್ಯವಾಗಿ ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ಅಗಲ-ಎತ್ತರಗಳಲ್ಲಿ ಅರ್ಧಕ್ಕೆ ಇಳಿಸಿ ಜಾಗ ಉಳಿಸುತ್ತವೆ. ನಾವು ದಿನಾ ಅಂಥ ನೂರು ಚಿತ್ರ ನೋಡುತ್ತೇವೆ, ಕೊರತೆ ಅನಿಸುವುದಿಲ್ಲ. ಬೆಳಕಿನ ವಿವರವನ್ನು ಹಾಗೆ ಕತ್ತರಿಸಿದರೆ ಮಾತ್ರ ಚಿತ್ರ ಮಸುಕಾಯಿತೆಂದು ತಕ್ಷಣ ಗೊತ್ತಾಗುತ್ತದೆ. ಬೆರಳುದ್ದದ ಗೊಂಬೆಯಲ್ಲಿ ಎಲ್ಲವೂ ಸೂಕ್ಷ್ಮ ವಿವರವೇ. ಅಲ್ಲಿ ಕೆಂಪು-ಹಸಿರಿನ ಜಗಳ ದೂರಕ್ಕೆ ಕೇಳಿಸುವುದಿಲ್ಲ, ತಿಳಿ-ಕಡುವಿನ ಜಗಳ ಕೇಳಿಸುತ್ತದೆ.

ಹಾಗಾದರೆ ಬಣ್ಣದ ಸಿದ್ಧಾಂತವೇ ತಪ್ಪೇ? ಇಲ್ಲ. ಸಿದ್ಧಾಂತಕ್ಕೆ ಇದು ಯಾವಾಗಲೋ ಗೊತ್ತಿತ್ತು, ಅದನ್ನು ಮರೆತದ್ದು ಪಾಠದ ಕೋಣೆ. ನ್ಯೂಟನ್ 1704ರ 'ಆಪ್ಟಿಕ್ಸ್' ಪುಸ್ತಕದಲ್ಲಿ ಬಣ್ಣಗಳನ್ನು ವೃತ್ತವಾಗಿ ಬಾಗಿಸಿದ. ಸಂಗೀತದ ಸ್ವರಗಳಿಗೆ ಹೋಲಿಸಿ ಏಳು ಭಾಗ ಮಾಡಿದ. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಬಣ್ಣಕ್ಕೆ ಮೂರು ದಿಕ್ಕುಗಳಿವೆ: ಅದು ಯಾವ ಬಣ್ಣ, ಎಷ್ಟು ತಿಳಿ ಅಥವಾ ಕಡು, ಎಷ್ಟು ಢಾಳು ಅಥವಾ ಮಾಸಲು. ಅಂದರೆ ಬಣ್ಣಗಳ ಲೋಕ ಒಂದು ಗೋಳದಂಥ ವಸ್ತು. ಶಾಲೆಯ ಚಕ್ರ ಅದರ ನಡುಭಾಗದ ಒಂದು ಬಳೆ ಅಷ್ಟೇ. ನಮ್ಮ ಡ್ರಾಯಿಂಗ್ ಪುಸ್ತಕಗಳ ಹನ್ನೆರಡು ಮನೆಗಳ ಚಕ್ರಕ್ಕೆ ಹೆಸರು ತಂದ ಯೋಹಾನೆಸ್ ಇಟೆನ್ ಕೂಡ ಏಳು ಬಗೆಯ ವೈದೃಶ್ಯಗಳನ್ನು ಪಟ್ಟಿ ಮಾಡಿದ್ದ. ಬೆಳಕು-ಕತ್ತಲೆಯದು ಅವುಗಳಲ್ಲಿ ಒಂದು. ಚಕ್ರ ಬರೆಯಲು ಸುಲಭ, ಪರೀಕ್ಷೆಯಲ್ಲಿ ಅಂಕ ಹಾಕಲು ಇನ್ನೂ ಸುಲಭ. ಉಳಿದದ್ದು ಅದೊಂದೇ.

ಇನ್ನು ನನ್ನ ಕಸುಬಿನ ಮಾತು. ಮಾದರಿ ಗೊಂಬೆಗಳಿಗೆ ಬಣ್ಣ ಹಚ್ಚುವುದನ್ನು ಕಲಿಸುವ ಒಂದು ಆನ್‌ಲೈನ್ ಪಾಠಮಾಲೆಯನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು. ಜೊತೆಗೆ ಒಂದು ಪದಪಟ್ಟಿ. ಇಂಗ್ಲಿಷಿನ 'ವ್ಯಾಲ್ಯೂ' ಎಂಬುದಕ್ಕೆ 'ಮೌಲ್ಯ', 'ಸ್ಯಾಚುರೇಶನ್'ಗೆ 'ಪರ್ಯಾಪ್ತತೆ', 'ಕಾಂಪ್ಲಿಮೆಂಟರಿ' ಬಣ್ಣಗಳಿಗೆ 'ಪೂರಕ ವರ್ಣಗಳು'. 'ಅಂಗಿಯ ಮೌಲ್ಯವನ್ನು ಇಳಿಸಿ' ಎಂಬ ವಾಕ್ಯ ಓದಿದ ಕನ್ನಡಿಗ ಏನು ಮಾಡಬೇಕು, ಅಂಗಿಯನ್ನು ರಿಯಾಯಿತಿ ದರದಲ್ಲಿ ಮಾರಬೇಕೇ? ಪರ್ಯಾಪ್ತ ಎಂದರೆ ನಮಗೆ ನೆನಪಾಗುವುದು ವಿಜ್ಞಾನದ ಪಾಠದ ಉಪ್ಪುನೀರಿನ ದ್ರಾವಣ. ಪೂರಕ ಎಂದರೆ ಜೊತೆಗೂಡಿ ಒದಗುವುದು. ಎದುರು ನಿಂತು ಸೆಣಸುವ ಬಣ್ಣಗಳಿಗೆ ಆ ಹೆಸರಿಟ್ಟರೆ ಓದುಗ ದಾರಿ ತಪ್ಪುತ್ತಾನೆ. 'ಎದುರು ಬಣ್ಣ' ಎಂದರೆ ಚಕ್ರದಲ್ಲಿ ಅದು ಎಲ್ಲಿ ಕೂತಿದೆ, ಏನು ಮಾಡುತ್ತದೆ ಎಂಬ ಎರಡೂ ಒಂದೇ ಮಾತಿನಲ್ಲಿ ಬಂದುಬಿಡುತ್ತವೆ.

ಕನ್ನಡದ ಬಣ್ಣದ ಮಾತುಗಳನ್ನೇ ಒಮ್ಮೆ ಹರಡಿಕೊಂಡು ನೋಡಿ. ಬಿಳಿ, ಬೆಳಕು, ಬೆಳಗು, ಬೆಳ್ಳಿ, ಬೆಳದಿಂಗಳು ಎಲ್ಲ ಒಂದೇ ಬೇರಿನವು. ಅಂದರೆ ಬಿಳಿ ನಮ್ಮ ಭಾಷೆಯಲ್ಲಿ ಬೆಳಕಿನ ಒಡಹುಟ್ಟು. ಹಾಗೆಯೇ ಕಾರ್ಮೋಡ, ಕಾರ್ಗತ್ತಲು. ಹಸಿರಿನಲ್ಲಿ ಹಸಿತನವಿದೆ. ಕೆಂಪಿನಿಂದ ಕೆಮ್ಮಣ್ಣು, ಕೆಂಡ, ಕೆಂದಾವರೆ. ನೀಲಿ ಸಂಸ್ಕೃತದಿಂದ ಬಂತು. ಕಿತ್ತಳೆ, ನೇರಳೆ ಹಣ್ಣಿನ ಬುಟ್ಟಿಯಿಂದ, ಬೂದು ಒಲೆಯಿಂದ. ಬರ್ಲಿನ್ ಮತ್ತು ಕೇ 1969ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಭಾಷೆಗಳಲ್ಲಿ ಬಣ್ಣದ ಮೂಲ ಪದಗಳು ಒಂದು ಕ್ರಮದಲ್ಲಿ ಬೆಳೆಯುತ್ತವೆ ಎಂದು ವಾದಿಸಿತು. ಆ ಕ್ರಮದ ಮೊದಲ ಮೆಟ್ಟಿಲು ಕಪ್ಪು-ಬಿಳಿ, ಆಮೇಲೆ ಕೆಂಪು. ಆ ವಾದಕ್ಕೆ ತಿದ್ದುಪಡಿಗಳು, ತಕರಾರುಗಳು ಬಹಳ ಬಂದಿವೆ. ಆದರೂ ಬೆಳಕು ಮೊದಲು, ಬಣ್ಣ ಆಮೇಲೆ ಎಂಬ ಅಂದಾಜು ಗೊಂಬೆಗೆ ಬಣ್ಣ ಹಚ್ಚುವವರಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಇದಕ್ಕಿಂತ ಮುಖ್ಯ, ಬಣ್ಣದ ಮುಂದೆ ನಾವು ಸೇರಿಸುವ ಪುಟ್ಟ ಪದಗಳು. ತಿಳಿಹಳದಿ, ಕಡುಗೆಂಪು, ನಸುಗೆಂಪು, ಎಳೆಹಸಿರು, ಮಾಸಲು ಬಿಳಿ, ಮಂಕು, ಢಾಳು, ಕಣ್ಣು ಕುಕ್ಕುವ. ತಿಳಿ-ಕಡು ಮನ್ಸೆಲ್ಲನ ಎರಡನೆಯ ದಿಕ್ಕು, ಢಾಳು-ಮಾಸಲು ಮೂರನೆಯದು. ಸೀರೆ ಅಂಗಡಿಯಲ್ಲಿ "ಇಷ್ಟು ಢಾಳು ಬೇಡ, ಇದೇ ಬಣ್ಣದಾಗ ಸ್ವಲ್ಪ ಮಾಸಲು ತೋರಸ್ರಿ" ಎನ್ನುವ ನಮ್ಮ ಅತ್ತೆ-ಚಿಕ್ಕಮ್ಮಂದಿರು ಒಂದೇ ಉಸಿರಿನಲ್ಲಿ ಇಡೀ ಪದ್ಧತಿಯನ್ನು ಹೇಳಿಬಿಡುತ್ತಾರೆ. ಪದವಿಲ್ಲದಿದ್ದರೆ ಬಣ್ಣ ಕಾಣುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಕಣ್ಣು ಭಾಷೆಯ ಆಳಲ್ಲ. ಕಲಿಸುವವರಿಗೆ ಮಾತ್ರ ಪದ ಬೇಕು, ಇರುವ ಪದ ಬಿಟ್ಟು 'ಮೌಲ್ಯ' ಎಂದರೆ ಪಾಠ ಅಲ್ಲಿಗೇ ನಿಲ್ಲುತ್ತದೆ.

ಚಕ್ರ ಮೊದಲು ಬಂದರೆ ಆಗುವ ದೊಡ್ಡ ನಷ್ಟ ಮುಖದ ಮೇಲೆ ಕಾಣುತ್ತದೆ. ಅಂಗಡಿಯ ಗೊಂಬೆಗಳಲ್ಲಿ ಸಹ್ಯಾದ್ರಿಯ ಬಿಸಿಲಲ್ಲಿ ಓಡಾಡಿದ ಮಾವಳೆಯೂ ಗುಲಾಬಿ, ಹೊಲದ ರೈತನೂ ಗುಲಾಬಿ. ಮಕ್ಕಳ ಕ್ರೇಯಾನ್ ಡಬ್ಬಿಯಲ್ಲಿ 'ಸ್ಕಿನ್' ಎಂದು ಕರೆಸಿಕೊಳ್ಳುವುದೂ ಅದೇ ತೆಳು ಗುಲಾಬಿ. ಚಕ್ರದ ಹನ್ನೆರಡು ಮನೆಗಳಲ್ಲಿ ಹುಡುಕಿ, ಕಂದು ಎಲ್ಲಿಯೂ ಸಿಗುವುದಿಲ್ಲ. ಮಣ್ಣಿಲ್ಲ, ಮರದ ತೊಗಟೆಯಿಲ್ಲ, ನಮ್ಮ ನಿಮ್ಮ ಮೈಯಿಲ್ಲ. ಕಂದು ಎಂದರೆ ಕಡುವಾದ, ಮಾಸಿದ ಕಿತ್ತಳೆ. ಮನುಷ್ಯರ ಮೈಬಣ್ಣಗಳನ್ನೆಲ್ಲ ಚಕ್ರದ ಮೇಲೆ ಇಟ್ಟರೆ ಅವು ಹೆಚ್ಚುಕಡಿಮೆ ಕಿತ್ತಳೆಯ ಸುತ್ತಲಿನ ಒಂದು ಕಿರಿದಾದ ಓಣಿಯೊಳಗೇ ಕೂರುತ್ತವೆ. ವ್ಯತ್ಯಾಸವೆಲ್ಲ ಮುಖ್ಯವಾಗಿ ತಿಳಿ-ಕಡುವಿನದು. ಚಕ್ರವೊಂದನ್ನೇ ಕಲಿತ ಮಗುವಿಗೆ ತನ್ನ ಮುಖದ ಬಣ್ಣ ಬೆರೆಸಲು ದಾರಿಯೇ ತಿಳಿದಿರುವುದಿಲ್ಲ, ಡಬ್ಬಿಯಲ್ಲಿ ಸಿಕ್ಕ ಗುಲಾಬಿಯೇ ಗತಿ. ನಮ್ಮ ಪತ್ರಿಕೆಗಳ 'ಕಾಣೆಯಾಗಿದ್ದಾರೆ' ಪ್ರಕಟಣೆಗಳನ್ನು ಓದಿ: ಗೋಧಿ ಮೈಬಣ್ಣ, ಎಣ್ಣೆಗೆಂಪು, ಎಣ್ಣೆಗಪ್ಪು. ಕಳೆದುಹೋದ ಮನುಷ್ಯನನ್ನು ಗುರುತಿಸಲು ಪೊಲೀಸರಿಗೆ ಒದಗುವ ಪದಗಳು ಗೊಂಬೆಯ ಮುಖಕ್ಕೆ ಯಾಕೆ ಒದಗಬಾರದು? ಎಣ್ಣೆಗೆಂಪು ಎಂಬ ಒಂದೇ ಪದದಲ್ಲಿ ಬಣ್ಣವೂ ಇದೆ, ಚರ್ಮದ ಮೇಲೆ ಬೀಳುವ ಬೆಳಕಿನ ಮಿರುಗೂ ಇದೆ.

ಸಣ್ಣ ಅಳತೆಯಲ್ಲಿ ಕೆಲಸ ಮಾಡುವ ನಮ್ಮ ಹಳೆಯ ಕಸುಬುಗಳು ಈ ಅನುಕ್ರಮವನ್ನು ಮಾಡಿ ತೋರಿಸಿವೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಸರೆಯಲ್ಲಿ ಬೆಳೆದ, ನಮ್ಮ ಪಕ್ಕದ ಸಾವಂತವಾಡಿಯಲ್ಲಿ ಇಂದಿಗೂ ಉಳಿದಿರುವ ಗಂಜೀಫಾ ಎಲೆಗಳನ್ನು ನೋಡಿ. ದಶಾವತಾರದ ಕಟ್ಟಿನಲ್ಲಿ ಹತ್ತು ಬಣಗಳು, 120 ಎಲೆಗಳು, ಒಂದೊಂದೂ ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಬಣಕ್ಕೊಂದು ನೆಲದ ಬಣ್ಣ, ಅದರ ಮೇಲೆ ಆಕೃತಿ ಬೇರ್ಪಟ್ಟು ನಿಲ್ಲುವಂತೆ ಗೆರೆ. ಆಟಗಾರ ಅರೆಕ್ಷಣದಲ್ಲಿ ಎಲೆ ಗುರುತಿಸದಿದ್ದರೆ ಆಟವೇ ಇಲ್ಲ. ಇಳಕಲ್ ಸೀರೆಯ ಸೆರಗಿನಲ್ಲೂ ಕೆಂಪು ನೆಲದ ಮೇಲೆ ತೆನೆ ಬಿಳಿಯದು, ಹಸಿರಲ್ಲ. ಓಣಿಯ ಆ ತುದಿಯಿಂದಲೂ ತೆನೆ ಎಣಿಸಬಹುದು.

ಚಕ್ರದ ಪರ ಇರುವವರ ಮಾತಿನಲ್ಲಿಯೂ ಹುರುಳಿದೆ. ಹೊಸಬರಿಗೆ ಏನೂ ತೋಚದಾಗ ಅದೊಂದು ಊರುಗೋಲು, ಮೂರ್ನಾಲ್ಕು ಬಣ್ಣಗಳಲ್ಲೇ ಕೆಲಸ ಮುಗಿಸುವ ಶಿಸ್ತು ಕಲಿಸುತ್ತದೆ. ನೆರಳು ಹಚ್ಚುವಾಗಲಂತೂ ಅದರ ಸಹಾಯ ದೊಡ್ಡದು. ಹಳದಿಗೆ ಕಪ್ಪು ಬೆರೆಸಿದರೆ ಪಾಚಿಹಸಿರಾಗುತ್ತದೆ, ಕೆಂಪಿಗೆ ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ. ಕೆಂಪಿನ ನೆರಳಿಗೆ ಅದರ ಎದುರಿನ ಹಸಿರನ್ನು ಹನಿಯಷ್ಟು, ಬೆಳಕಿಗೆ ಪಕ್ಕದ ಕಿತ್ತಳೆಯನ್ನು ಸ್ವಲ್ಪ ಬೆರೆಸಿದರೆ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್, ಕಪ್ಪು ದಾರ ಸಪ್ಪೆಯಾಗಿದೆ ಎಂಬ ದೂರಿನ ಬೆನ್ನು ಹತ್ತಿದಾಗ ದೋಷ ದಾರದಲ್ಲಿ ಸಿಗಲಿಲ್ಲ, ಅದರ ಪಕ್ಕದ ಬಣ್ಣಗಳಲ್ಲಿ ಸಿಕ್ಕಿತು. 1839ರ ಅವನ ಪುಸ್ತಕ ಹುಟ್ಟಿದ್ದು ಅಲ್ಲಿಂದ. ಬಣ್ಣ ಒಂಟಿಯಾಗಿ ಇರುವುದಿಲ್ಲ ಎಂಬ ಆ ತಿಳಿವಳಿಕೆಯನ್ನು ಬಿಡಲಾಗದು. ಇದೆಲ್ಲ ಎರಡನೆಯ ವಾರದ ಪಾಠವಾಗಲಿ ಎಂಬುದಷ್ಟೇ ನನ್ನ ಕೋರಿಕೆ.

ಮೊದಲ ವಾರಕ್ಕೆ ಒಂದೇ ಬಣ್ಣ ಸಾಕು. ಮೂರು ಬಟ್ಟಲು: ತಿಳಿ, ನಡು, ಕಡು. ಮಡಿಕೆ, ಕಂಕುಳು, ಗಲ್ಲದ ಕೆಳಗೆ ಕಡು; ತಲೆ, ಭುಜ, ಮೂಗಿನ ತುದಿಗೆ ತಿಳಿ. ಮನೆಯೊಳಗೆ ನಾಲ್ಕು ಕಡೆಯಿಂದ ಬೆಳಕು ಬೀಳುವಾಗ ಅರ್ಧ ಮಿಲಿಮೀಟರಿನ ಮಡಿಕೆಯ ನೆರಳು ತಾನಾಗಿ ಕಾಣುವುದಿಲ್ಲ, ಅದನ್ನು ನಾವೇ ಬರೆದುಕೊಡಬೇಕು. ಒಂದು ಮೀಟರ್ ಹಿಂದೆ ಸರಿದು ನೋಡಿದಾಗ ಮುಖ ಎಲ್ಲಿ, ಕೈ ಎಲ್ಲಿ ಎಂದು ತಿಳಿದರೆ ಪಾಠ ಮುಗಿಯಿತು. ಬಣ್ಣಗಳು ಆಮೇಲೆ ಬರಲಿ.

ಪಾಠಮಾಲೆಯವರು 'ತಿಳಿ-ಕಡು' ಮತ್ತು 'ಎದುರು ಬಣ್ಣ'ಗಳನ್ನು ಒಪ್ಪಿಕೊಂಡರು. 'ಪರ್ಯಾಪ್ತತೆ'ಯ ಜಾಗದಲ್ಲಿ ನಾನು ಸೂಚಿಸಿದ 'ಢಾಳು' ತೀರಾ ಆಡುಮಾತಾಯಿತು ಎಂದು ಇನ್ನೂ ತಕರಾರಿದೆ. ನಿಮ್ಮ ಮನೆಯಲ್ಲಿ, ಊರಲ್ಲಿ ಬಣ್ಣದ ಬಿರುಸಿಗೆ, ಮಾಸುವಿಕೆಗೆ, ದನಗಳ ಮೈಬಣ್ಣಕ್ಕೆ ಯಾವ ಮಾತುಗಳಿವೆ? ಮರುಪತ್ರ ಬರೆದು ತಿಳಿಸಿ. ಪದಪಟ್ಟಿಯ ಆ ಒಂದು ಸಾಲು ಇನ್ನೂ ಖಾಲಿ ಇದೆ.