ಒಂಟಿ ಪಥಿಕನ ಗಂಟು

ಮನೆಯಲ್ಲಿ ಮರೆತ ವಸ್ತುವಿನ ಬೆಲೆ ಹಾದಿಯಲ್ಲಿ ತಿಳಿಯುತ್ತದೆ. ರೈಲಿನಲ್ಲಿ ಹೋಗುವವನು ಮರೆತದ್ದನ್ನು ಮುಂದಿನ ನಿಲ್ದಾಣದಲ್ಲಿ ಕೊಂಡಾನು. ಜೊತೆಗಾರರಿದ್ದವನು ಕೇಳಿ ಪಡೆದಾನು. ಬೆನ್ನಿಗೆ ಗಂಟು ಕಟ್ಟಿಕೊಂಡು ಒಬ್ಬನೇ ನಡೆದು ಹೊರಟವನಿಗೆ ಮಾತ್ರ ತನ್ನ ಗಂಟೇ ಅಂಗಡಿ, ತಾನೇ ನೆಂಟ. ಒಂಟಿ ನಡಿಗೆಯ ಹಂಬಲವುಳ್ಳ ತರುಣರು ನಮ್ಮ ಮನೆಗಳಲ್ಲಿಯೂ ಇರುವುದರಿಂದ, ಈ ಗಂಟಿನ ವಿಚಾರವನ್ನು ಹಿರಿಯರೂ ಕಿರಿಯರೂ ಕೂಡಿ ಯೋಚಿಸುವುದು ಒಳಿತು.

ಬೆಳಗಾವಿ ಜಿಲ್ಲೆಯ ಒಂದು ಭಾಗ ಇಂತಹ ನಡಿಗೆಗೆ ಹೇಳಿ ಮಾಡಿಸಿದಂತಿದೆ. 1824ರಲ್ಲಿ ರಾಣಿ ಚೆನ್ನಮ್ಮನ ಪಡೆ ಕಂಪನಿಯ ಸೈನ್ಯವನ್ನು ಸೋಲಿಸಿದ ಕಿತ್ತೂರು. ಆಕೆ ಸೆರೆಯಲ್ಲಿದ್ದು 1829ರಲ್ಲಿ ಕಣ್ಮುಚ್ಚಿದ ಬೈಲಹೊಂಗಲ. ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿದ್ದ ಸವದತ್ತಿ. ಮಲಪ್ರಭೆಯ ದಡದ ರಾಮದುರ್ಗ. ಒಂದರಿಂದೊಂದಕ್ಕೆ ನಡೆಯುತ್ತ ಹೋದರೆ ಇತಿಹಾಸದ ಪುಟ ತಿರುವಿದ ಹಾಗೆಯೇ ಸರಿ.

ಆದರೆ ಇಲ್ಲಿನ ಎರೆಭೂಮಿ ಪಾದರಕ್ಷೆಗಳ ಕಟುಪರೀಕ್ಷಕ. ನೀರು ಹೀರಿ ಉಬ್ಬುವ ಜೇಡಿ ಈ ಮಣ್ಣಿನಲ್ಲಿ ಹೇರಳ. ಒಂದು ಮಳೆ ಬಿದ್ದರೆ ಸಾಕು, ಹೆಜ್ಜೆ ಹೆಜ್ಜೆಗೂ ಅಟ್ಟೆಗೆ ಮೆತ್ತಿ ಕಾಲನ್ನು ಭಾರಗೊಳಿಸುತ್ತದೆ. ಚಪ್ಪಲಿಯ ಉಂಗುಟವನ್ನು ಕಿತ್ತು ಕೈಗೆ ಕೊಡುತ್ತದೆ. ದುಬಾರಿ ಬೂಟಾದರೂ ಅಷ್ಟೇ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಬೂಟಿನ ಅಟ್ಟೆ, ನೋಡಲು ಹೊಸದಾಗಿದ್ದರೂ, ಗಾಳಿಯ ತೇವದಿಂದ ಒಳಗೇ ಜೀರ್ಣವಾಗಿ ಮೊದಲ ದಿನವೇ ಕಳಚಿಕೊಳ್ಳುವುದುಂಟು. ಬಳಸದ ಟಾರ್ಚಿನಲ್ಲಿ ಉಳಿದ ಸೆಲ್ಲು ಸೋರಿ ಟಾರ್ಚನ್ನೇ ತಿಂದುಹಾಕುತ್ತದೆ.

ಈ ಸೀಮೆಯ ಜನಕ್ಕೆ ನಡಿಗೆ ಹೊಸತಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಅವರು ಯಲ್ಲಮ್ಮನ ಗುಡ್ಡಕ್ಕೆ ನಡೆಯುತ್ತಾರೆ. ಯುಗಾದಿಯ ಮುನ್ನ ಉತ್ತರ ಕರ್ನಾಟಕದ ಸಾವಿರಾರು ಭಕ್ತರು ಮಲ್ಲಯ್ಯನ ಕಂಬಿಯೊಡನೆ ನೂರಾರು ಕಿಲೋಮೀಟರು ನಡೆದು ಶ್ರೀಶೈಲ ಸೇರುತ್ತಾರೆ. ಕೊನೆಯ ಹಂತ ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನುಗಳ ಮೇಲೆ ಹಾಯುವ ನಲ್ಲಮಲದ ಕಾಡು. ಬಿರುಬೇಸಗೆ, ಕಲ್ಲಿನ ಏರು, ನೀರಿನ ಅಭಾವ. ಅಲ್ಲಿಗೆ ತಲಪುವ ಹೊತ್ತಿಗೆ ಎಷ್ಟೋ ಜನರ ಅಂಗಾಲು ಬೊಬ್ಬೆಯೆದ್ದಿರುತ್ತದೆ. ಆದರೂ ಅವರು ಮುಟ್ಟುತ್ತಾರೆ. ಏಕೆಂದರೆ ಹಾದಿಯ ಊರವರು ಅನ್ನ, ಮಜ್ಜಿಗೆ, ಔಷಧಿಗಳೊಡನೆ ಕಾದಿರುತ್ತಾರೆ. ನೊಂದ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಯಾತ್ರಿಕನ ಗಂಟು ಚಿಕ್ಕದಾದರೂ ಸಾಲುವುದು, ಅವನ ಹಿಂದೆ ಒಂದು ನಾಡೇ ಇರುವುದರಿಂದ.

ಒಂಟಿ ಪಥಿಕನು ಯಾತ್ರಿಕನ ಚಿಕ್ಕ ಗಂಟನ್ನು ಮಾತ್ರ ನೋಡಿ, ಹಿಂದಿನ ನಾಡನ್ನು ಮರೆಯಬಾರದು. ಹುಲಿಗಳಿರುವ ನಲ್ಲಮಲವಂತೂ ಒಬ್ಬನೇ ನುಗ್ಗುವ ಜಾಗವಲ್ಲ. ಊರೂರ ನಡುವೆ ನಡೆಯುವವನೂ ಹೊರಡುವ ಮುನ್ನ ಕೆಲವನ್ನು ಪಾಲಿಸುವುದು ಮೇಲು. ಹೊಸ ಚಪ್ಪಲಿ, ಹಳೆಯ ಬೂಟು ಎರಡನ್ನೂ ತುಂಬಿದ ಗಂಟು ಹೊತ್ತು ಕೆಲವು ದಿನ ಊರಲ್ಲೇ ನಡೆದು ಪರೀಕ್ಷಿಸಬೇಕು. ಒಂದು ದಬ್ಬಣ, ಗಟ್ಟಿ ದಾರ, ನಾಲ್ಕು ಪಿನ್ನು, ಒಂದು ಮಾರು ಹಗ್ಗ ಇದ್ದರೆ ಹರಿದ ಬಾರೂ ಕಳಚಿದ ಅಟ್ಟೆಯೂ ಮುಂದಿನ ಊರು ಮುಟ್ಟಿಸುತ್ತವೆ. ಕಾಲು ಉರಿಯತೊಡಗಿದೊಡನೆ ನಿಂತು ಪಟ್ಟಿ ಹಚ್ಚಬೇಕು. ಬೊಬ್ಬೆ ಎದ್ದ ಮೇಲೆ ಅದರ ಚರ್ಮ ಸುಲಿಯಬಾರದು. ಸಕ್ಕರೆ ರೋಗದವರು ಪ್ರತಿ ಸಂಜೆ ಪಾದ ನೋಡಿಕೊಳ್ಳಲೇಬೇಕು. ಅವರಿಗೆ ಗಾಯದ ನೋವೇ ತಿಳಿಯದಿರಬಹುದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ದಿನಗಟ್ಟಲೆ ಕೆಡವು. ಕಂಬಳಿ ಒಂದೇ ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ. ನೆನೆದರೂ ಬೆಚ್ಚಗಿರುವುದು ಅದರ ಹೆಚ್ಚಳ. ಯಾವ ದಿನ ಯಾವ ಊರು ಎಂಬ ಚೀಟಿಯೊಂದು ಮನೆಯಲ್ಲಿರಲಿ. ಮೊಬೈಲು ಮೂಕವಾದಾಗ ಅದೇ ಮಾತಾಡುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಎಲ್ಲವನ್ನೂ ತೊರೆದು, ಗಂಟಿಲ್ಲದೆಯೇ ಶ್ರೀಶೈಲಕ್ಕೆ ನಡೆದಳೆಂಬುದನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಅಂತಹ ವೈರಾಗ್ಯ ಬರುವ ತನಕ ದಬ್ಬಣ ಜೊತೆಗಿರಲಿ.